ನಾಳೆ ಬರಲು ಒಂದು ಕಾರಣ: ಸೂರಿಲ್ಲದವರ ಜೊತೆ ತೋಟ ಕಟ್ಟುವ ಸಮಗ್ರ ಮಾರ್ಗದರ್ಶಿ

ಮೆಂತ್ಯ ಬಿತ್ತಿದ ಮೂರು-ನಾಲ್ಕು ದಿನಕ್ಕೆ ಮೊಳಕೆ ಕಾಣುತ್ತದೆ. ಬಿತ್ತಿದವರು ಮರುದಿನವೇ ಬಂದು ಬಗ್ಗಿ ನೋಡುತ್ತಾರೆ. ಇನ್ನೂ ಬಂದಿರುವುದಿಲ್ಲ. ಅದರ ಮಾರನೇ ದಿನ ಮತ್ತೆ ಬರುತ್ತಾರೆ. ಬಸ್ ನಿಲ್ದಾಣದಲ್ಲಿ, ಫ್ಲೈಓವರ್ ಕೆಳಗೆ, ಮುಚ್ಚಿದ ಅಂಗಡಿಯ ಮೆಟ್ಟಿಲ ಮೇಲೆ ವರ್ಷಗಟ್ಟಲೆ ಮಲಗಿದವರಿಗೆ ನಾಳೆ ಇಷ್ಟು ಹೊತ್ತಿಗೆ ಇಂಥ ಕಡೆ ಹೋಗಲೇಬೇಕು ಎನ್ನಲು ಕಾರಣಗಳೇ ಕಡಿಮೆ. ತೋಟ ಮೊದಲು ಕೊಡುವುದು ಆ ಕಾರಣವನ್ನು. ಕೆಲಸ, ಸಂಬಳ, ಬಾಡಿಗೆ ಕೋಣೆ ಎಲ್ಲ ಆಮೇಲೆ.

ಬೆಂಗಳೂರಿನ ಒಂದು ರಾತ್ರಿ ತಂಗುದಾಣದ ಹಿಂದಿನ ಖಾಲಿ ಜಾಗದಲ್ಲಿ ಇಂಥ ತೋಟ ಮಾಡುವವರ ಜೊತೆ ನಾನು ಕೆಲಸ ಮಾಡಿದ್ದೇನೆ. ನಿಮ್ಮ ಊರಿನಲ್ಲೂ ಐದಾರು ಜನ ಸೇರಿ ಹೀಗೊಂದು ತೋಟ ಶುರು ಮಾಡಬೇಕು ಅಂತಿದ್ದರೆ ಎಲ್ಲಿಂದ ಹಿಡಿಯಬೇಕು, ಎಲ್ಲಿ ಎಡವುತ್ತೀರಿ ಎನ್ನುವುದನ್ನು ಇಲ್ಲಿ ಬರೆದಿದ್ದೇನೆ. 2011ರ ಜನಗಣತಿಯಲ್ಲಿ ದೇಶದಲ್ಲಿ ಮನೆಯಿಲ್ಲದವರ ಸಂಖ್ಯೆ ಸುಮಾರು 17.7 ಲಕ್ಷ. ಅದರಲ್ಲಿ ಅರ್ಧಕ್ಕಿಂತ ಜಾಸ್ತಿ ಜನ ಪಟ್ಟಣಗಳಲ್ಲಿದ್ದರು. ನಿಮ್ಮ ತೋಟ ಸೇರುವವರು ಬರೀ ಆರು ಜನ. ಆರು ಜನರಿಗೆ ಸರಿಯಾಗಿ ಮಾಡಿದರೆ ಸಾಕು.

ಮೊದಲು ದುಡ್ಡಿನ ಮಾತು

ಬೀಜ, ಗೊಬ್ಬರ, ಸನಿಕೆಗಿಂತ ಮುಂಚೆ ಆರು ತಿಂಗಳ ಕೂಲಿ ಕೈಯಲ್ಲಿರಬೇಕು. ಇದನ್ನು ನಾನು ಗಟ್ಟಿಯಾಗಿ ಹೇಳುತ್ತೇನೆ, ಏಕೆಂದರೆ ಇಂಥ ಪ್ರಯತ್ನಗಳು ನಿಲ್ಲುವುದು ಹೆಚ್ಚಾಗಿ ಇಲ್ಲೇ. ಒಳ್ಳೆ ಮನಸ್ಸಿನವರು ಸೇರುತ್ತಾರೆ, ಗಿಡ ನೆಡುತ್ತಾರೆ, ಊಟ ಕೊಡುತ್ತಾರೆ. ಕೂಲಿಯ ಮಾತು ಬಂದಾಗ "ಇದು ಅವರಿಗೇ ಒಳ್ಳೆಯದಲ್ವಾ" ಅನ್ನುತ್ತಾರೆ. ರಸ್ತೆಯಲ್ಲಿರುವ ಮನುಷ್ಯ ಬೆಳಗ್ಗೆ ನಿಮ್ಮ ತೋಟಕ್ಕೆ ಬಂದರೆ ಅವತ್ತಿನ ರಟ್ಟು ಆಯುವ ಕೆಲಸ, ಮೂಟೆ ಹೊರುವ ಕೆಲಸ, ಮದುವೆ ಮನೆಯ ಪಾತ್ರೆ ತೊಳೆಯುವ ಕೆಲಸ ಬಿಟ್ಟು ಬಂದಿರುತ್ತಾನೆ. ಪುಕ್ಕಟೆ ದುಡಿಸಿಕೊಂಡರೆ ನೀವು ಅವನ ಊಟ ಕಿತ್ತುಕೊಂಡಂತೆ.

ಲೆಕ್ಕ ಸುಲಭ. ಆರು ಜನ, ದಿನಕ್ಕೆ ನಾಲ್ಕು ಗಂಟೆ, ವಾರಕ್ಕೆ ಆರು ದಿನ. ರಾಜ್ಯ ಸರ್ಕಾರ ನಿಗದಿ ಮಾಡಿದ ಕನಿಷ್ಠ ಕೂಲಿಯನ್ನು ಗಂಟೆಗೆ ಇಳಿಸಿ ಗುಣಿಸಿ. ಅದಕ್ಕೆ ತಿಂಡಿ, ಟೀ, ಔಷಧಿ ಸೇರಿಸಿ. ದುಡ್ಡು ಇಬ್ಬರಿಗೆ ಮಾತ್ರ ಸಾಲುತ್ತದಾ? ಹಾಗಾದರೆ ಇಬ್ಬರಿಂದಲೇ ಶುರು ಮಾಡಿ.

ಮೊದಲ ತಿಂಗಳು ಕೂಲಿಯನ್ನು ದಿನದಿನವೂ ಕೈಗೆ ಕೊಡಿ. ತಿಂಗಳ ಕೊನೆಗೆ ಕೊಡುತ್ತೇವೆ ಅಂದರೆ ಯಾರೂ ನಂಬುವುದಿಲ್ಲ. ಹಿಂದೆ ಮೇಸ್ತ್ರಿಗಳು, ಕಂಟ್ರಾಕ್ಟರುಗಳು ಹಾಗೆ ಹೇಳಿಯೇ ಮೋಸ ಮಾಡಿರುತ್ತಾರೆ. ಎರಡನೇ ತಿಂಗಳಿಂದ ವಾರಕ್ಕೊಮ್ಮೆ ಕೊಡಬಹುದು, ಅವರು ಒಪ್ಪಿದರೆ ಮಾತ್ರ. ಒಂದು ನೋಟ್ ಪುಸ್ತಕದಲ್ಲಿ ಹೆಸರು, ಗಂಟೆ, ಕೊಟ್ಟ ದುಡ್ಡು ಬರೆದು ಅವರ ಎದುರಿಗೇ ಓದಿ ಹೇಳಿ.

ಜಾಗ

ಎಲ್ಲಕ್ಕಿಂತ ಒಳ್ಳೆಯದು ರಾತ್ರಿ ತಂಗುದಾಣದ ಅಂಗಳ ಅಥವಾ ನಡೆದು ಹೋಗುವಷ್ಟು ಹತ್ತಿರದ ಜಾಗ. 2013ರಲ್ಲಿ ಶುರುವಾದ ರಾಷ್ಟ್ರೀಯ ನಗರ ಜೀವನೋಪಾಯ ಅಭಿಯಾನದ ನಿಯಮದ ಪ್ರಕಾರ ನಗರದ ಪ್ರತಿ ಒಂದು ಲಕ್ಷ ಜನಸಂಖ್ಯೆಗೆ ಕನಿಷ್ಠ 100 ಜನ ತಂಗುವಷ್ಟು ಆಶ್ರಯ ಇರಬೇಕಿತ್ತು. ಎಲ್ಲ ಊರಲ್ಲೂ ಅಷ್ಟಿಲ್ಲ. ಇರುವ ಕಡೆ ಪಾಲಿಕೆಯೋ ನಗರಸಭೆಯೋ ಕಟ್ಟಡ ಕೊಟ್ಟು, ಒಂದು ಸಂಸ್ಥೆ ನಡೆಸುತ್ತಿರುತ್ತದೆ. ಆ ಸಂಸ್ಥೆಯವರನ್ನು ಮೊದಲು ಭೇಟಿಯಾಗಿ. ಅಂಗಳ ಇಲ್ಲದಿದ್ದರೆ ತಾರಸಿ ನೋಡಿ. ಅದೂ ಇಲ್ಲದಿದ್ದರೆ ಹತ್ತಿರದ ಸರ್ಕಾರಿ ಶಾಲೆ, ದೇವಸ್ಥಾನ, ಚರ್ಚ್, ದರ್ಗಾದ ಖಾಲಿ ಜಾಗ ಕೇಳಿ. ಬಾಯಿಮಾತಿನ ಒಪ್ಪಿಗೆ ಬೇಡ, ಎರಡು ವರ್ಷಕ್ಕಾದರೂ ಬರೆಸಿಕೊಳ್ಳಿ. ನುಗ್ಗೆ ಗಿಡ ಕಾಯಿ ಬಿಡುವ ಹೊತ್ತಿಗೆ ಜಾಗ ಖಾಲಿ ಮಾಡಿ ಅಂದರೆ, ಈಗಾಗಲೇ ಹತ್ತು ಕಡೆಯಿಂದ ಎಬ್ಬಿಸಿ ಕಳಿಸಿಕೊಂಡವರನ್ನು ನೀವು ಹನ್ನೊಂದನೇ ಸಲ ಎಬ್ಬಿಸಿದಂತೆ.

ಜಾಗದಲ್ಲಿ ನೋಡಬೇಕಾದ್ದು ನಾಲ್ಕು: ದಿನಕ್ಕೆ ಐದಾರು ಗಂಟೆ ಬಿಸಿಲು, ಒಂದು ನಲ್ಲಿ, ಹತ್ತಿರದಲ್ಲೊಂದು ಶೌಚಾಲಯ, ಬೀಗ ಹಾಕುವ ಒಂದು ಪೆಟ್ಟಿಗೆ ಅಥವಾ ಕೋಣೆ. ಕೊನೆಯದು ಸನಿಕೆ, ಗುದ್ದಲಿಗಳಿಗೆ ಮಾತ್ರ ಅಲ್ಲ. ರಸ್ತೆಯಲ್ಲಿರುವವರ ಇಡೀ ಸಂಸಾರ ಒಂದು ಚೀಲದಲ್ಲಿರುತ್ತದೆ. ಅದನ್ನು ಬಿಟ್ಟು ಬಂದರೆ ಕಳವಾಗುತ್ತದೆ, ಹೊತ್ತು ತಂದರೆ ಇಡಲು ಜಾಗವಿಲ್ಲ. ಕೆಲಸಕ್ಕೆ ಬಾರದಿರಲು ಇದೊಂದೇ ಕಾರಣ ಸಾಕು. ಒಬ್ಬೊಬ್ಬರಿಗೆ ಒಂದು ಸಣ್ಣ ಬೀಗದ ಪೆಟ್ಟಿಗೆ ಕೊಡಿ. ಕೀಲಿ ಅವರ ಹತ್ತಿರವೇ ಇರಲಿ.

ನಗರದ ಮಣ್ಣಿನಲ್ಲಿ ಕಟ್ಟಡದ ಕಸ, ಗಾಜು, ಬಣ್ಣದ ಪುಡಿ ಇರುತ್ತದೆ. ತಿನ್ನುವ ಸೊಪ್ಪಿಗೆ ಆ ಮಣ್ಣು ಬೇಡ. ನಾಲ್ಕು ಅಡಿ ಅಗಲ, ಹತ್ತು ಅಡಿ ಉದ್ದ, ಒಂದು ಅಡಿ ಎತ್ತರದ ಏರುಮಡಿ ಮಾಡಿ. ಎರಡು ಪಾಲು ಕೆಂಪು ಮಣ್ಣು, ಒಂದು ಪಾಲು ಕೊಟ್ಟಿಗೆ ಗೊಬ್ಬರ, ಒಂದು ಪಾಲು ತೆಂಗಿನ ನಾರಿನ ಪುಡಿ ಹಾಕಿ. ತಾರಸಿಯಲ್ಲಾದರೆ ಮಣ್ಣು ಕಮ್ಮಿ ಮಾಡಿ ನಾರಿನ ಪುಡಿ ಜಾಸ್ತಿ ಮಾಡಿ, ಭಾರ ಇಳಿಯುತ್ತದೆ. ಚರಂಡಿ ನೀರು ಸೊಪ್ಪಿಗೆ ಖಂಡಿತ ಬೇಡ.

ಜನರನ್ನು ಕರೆಯುವುದು

ಬೋರ್ಡು ಹಾಕಿದರೆ ಯಾರೂ ಬರುವುದಿಲ್ಲ. ಹೋಗಿ ಕೂತು ಮಾತಾಡಬೇಕು. ರಾತ್ರಿ ಒಂಬತ್ತರ ಮೇಲೆ, ಅವರು ಹಾಸಿಗೆ ಬಿಚ್ಚುವ ಹೊತ್ತಿಗೆ ಹೋಗಿ. ಹಗಲು ಅವರು ಸಿಗುವುದಿಲ್ಲ, ಕೆಲಸ ಹುಡುಕಿಕೊಂಡು ಹೋಗಿರುತ್ತಾರೆ. ಫೋಟೋ ತೆಗೆಯಬೇಡಿ. ಊಟದ ಪೊಟ್ಟಣ ಹಂಚುತ್ತಾ ಮಾತಾಡಬೇಡಿ. ಕೊಡುವ ಕೈ ಎದುರಿಗಿದ್ದಾಗ ಮನುಷ್ಯ ಮನಸ್ಸಿನ ಮಾತು ಆಡುವುದಿಲ್ಲ.

"ಯಾಕೆ ಹಿಂಗಾದ್ರಿ? ಮನೆ ಬಿಟ್ಟಿದ್ದು ಯಾಕೆ?" ಅಂತ ಕೇಳಲೇಬೇಡಿ. ಪೊಲೀಸರು ಕೇಳಿರುತ್ತಾರೆ, ಸಮೀಕ್ಷೆಯವರು ಕೇಳಿರುತ್ತಾರೆ, ಆಸ್ಪತ್ರೆಯವರು ಕೇಳಿರುತ್ತಾರೆ. ನಾನು ಕೇಳುವುದು ಒಂದೇ. "ಅಣ್ಣಾ, ನಿಮ್ಮೂರಲ್ಲಿ ಏನು ಬೆಳೀತಾರೆ?" ಈ ಪ್ರಶ್ನೆಗೆ ಮುಖ ಅರಳಿದ್ದನ್ನು ಎಷ್ಟೋ ಸಲ ನೋಡಿದ್ದೇನೆ. ಬೆಂಗಳೂರಿನ ರಸ್ತೆಯಲ್ಲಿ ಮಲಗುವವರಲ್ಲಿ ಕಲಬುರಗಿ, ರಾಯಚೂರು ಕಡೆಯಿಂದ ಬಂದವರಿದ್ದಾರೆ. ಆಂಧ್ರ, ತಮಿಳುನಾಡು, ಬಿಹಾರದವರಿದ್ದಾರೆ. ತೊಗರಿ ಬಿತ್ತಿದವರು, ಜೋಳ ಕೊಯ್ದವರು, ಶೇಂಗಾ ಕಿತ್ತವರು ಅವರಲ್ಲೇ ಸಿಗುತ್ತಾರೆ. ಒಬ್ಬ ಅಜ್ಜ ಮೊದಲ ದಿನ ಒಂದು ಮಾತೂ ಆಡಲಿಲ್ಲ. ಎರಡನೇ ದಿನ ನಾನು ಕುರ್ಪಿ ಹಿಡಿದ ರೀತಿ ನೋಡಿ ಅದನ್ನು ಕೈಯಿಂದ ತೆಗೆದುಕೊಂಡು ಬುಡ ಸಡಿಲ ಮಾಡುವುದು ಹೇಗೆ ಅಂತ ತೋರಿಸಿದರು. ಅವತ್ತಿನಿಂದ ಆ ಕೆಲಸಕ್ಕೆ ನನಗೆ ಅವರೇ ಮೇಷ್ಟ್ರು.

ಮಾತಿನಲ್ಲಿ ಗೌರವ ಮೊದಲಿಂದಲೇ ಇರಲಿ. ಅಣ್ಣ, ಅಕ್ಕ, ಅಜ್ಜ, ಯಜಮಾನ್ರೇ ಅನ್ನಿ. ಹೆಸರು ಗೊತ್ತಾದ ಮೇಲೆ ಹೆಸರು ಹಿಡಿದು ಕರೆಯಿರಿ. ವಯಸ್ಸಿನಲ್ಲಿ ಚಿಕ್ಕವರಾದರೂ ಬಹುವಚನ ಬಿಡಬೇಡಿ. ಹೆಂಗಸರನ್ನು ಕರೆಯಲು ಹೆಂಗಸರೇ ಹೋಗಬೇಕು. ಅವರಿಗೆ ರಾತ್ರಿಯ ಭಯ ದೊಡ್ಡದು, ಹೊಸ ಗಂಡಸರನ್ನು ನಂಬುವುದಿಲ್ಲ, ನಂಬಬೇಕಾಗಿಯೂ ಇಲ್ಲ. ಒಬ್ಬರೇ ಹೆಂಗಸನ್ನು ಗಂಡಸರ ಗುಂಪಿಗೆ ಸೇರಿಸಬೇಡಿ. ಕನಿಷ್ಠ ಇಬ್ಬರಿರಲಿ. ಮಗು ಇದ್ದರೆ ಅಂಗನವಾಡಿ ಹೊತ್ತಿಗೆ ಕೆಲಸದ ಹೊತ್ತು ಹೊಂದಿಸಿ.

ದಿನ ಹೇಗೆ ನಡೆಯಬೇಕು

ಎಂಟಕ್ಕೆ ತಿಂಡಿ, ಎಂಟೂವರೆಗೆ ಕೆಲಸ, ಹತ್ತೂವರೆಗೆ ಟೀ, ಹನ್ನೆರಡೂವರೆಗೆ ಕೈಕಾಲು ತೊಳೆದು ಲೆಕ್ಕ. ಇಷ್ಟೇ. ಈ ಹೊತ್ತನ್ನು ನೀವು ತಪ್ಪಿಸಬಾರದು. ತಿಂಡಿ ಕೆಲಸಕ್ಕಿಂತ ಮುಂಚೆಯೇ ಆಗಬೇಕು, ಎಷ್ಟೋ ಜನ ಹಿಂದಿನ ರಾತ್ರಿ ಉಂಡಿರುವುದಿಲ್ಲ.

ಮೊದಲ ವಾರವೇ ಹತ್ತಿರದ ಸರ್ಕಾರಿ ಆರೋಗ್ಯ ಕೇಂದ್ರಕ್ಕೆ ಎಲ್ಲರನ್ನೂ ಕರೆದುಕೊಂಡು ಹೋಗಿ. ಮಣ್ಣಿನ ಕೆಲಸಕ್ಕೆ ಧನುರ್ವಾಯು ಚುಚ್ಚುಮದ್ದು ಬೇಕೇ ಬೇಕು. ಎರಡು ವಾರಕ್ಕಿಂತ ಜಾಸ್ತಿ ಕೆಮ್ಮಿದ್ದರೆ ಕ್ಷಯ ಪರೀಕ್ಷೆ ಮಾಡಿಸಿ. ಪರೀಕ್ಷೆ, ಔಷಧಿ ಎರಡೂ ಸರ್ಕಾರದಲ್ಲಿ ಉಚಿತ. ಕ್ಷಯ ಇರುವವರಿಗೆ ಪೌಷ್ಟಿಕ ಆಹಾರಕ್ಕೆ ಕೊಡುವ ಹಣವನ್ನು 2024ರ ನವೆಂಬರ್‌ನಿಂದ ತಿಂಗಳಿಗೆ 1,000 ರೂಪಾಯಿಗೆ ಏರಿಸಿದ್ದಾರೆ. ಕಾಲಿನ ಹುಣ್ಣು, ಹಲ್ಲುನೋವು, ಕಣ್ಣಿನ ಪೊರೆ ಇವನ್ನೂ ಕೇಳಿ. ಕಣ್ಣು ಕಾಣದವರು "ಕಳೆ ಯಾವುದು, ಸಸಿ ಯಾವುದು ಗೊತ್ತಾಗಲ್ಲ" ಅಂತ ಹೇಳಿಕೊಳ್ಳಲು ನಾಚುತ್ತಾರೆ, ಸುಮ್ನೆ ಕೆಲಸ ಬಿಟ್ಟುಬಿಡುತ್ತಾರೆ.

ಕೀಟನಾಶಕದ ಬಾಟಲಿ ತೋಟದೊಳಗೆ ಇಡಬೇಡಿ. ತುಂಬಾ ನೊಂದವರು ಬಂದುಹೋಗುವ ಜಾಗ ಅದು. ಗಿಡದ ಹೇನು, ಬಿಳಿ ನೊಣಕ್ಕೆ ಲೀಟರ್ ನೀರಿಗೆ 5 ಮಿಲಿ ಬೇವಿನೆಣ್ಣೆ, ನಾಲ್ಕು ಹನಿ ಸೋಪಿನ ನೀರು ಸೇರಿಸಿ ಸಂಜೆ ಸಿಂಪಡಿಸಿದರೆ ಸಾಕು. ಕುಡುಗೋಲು, ಕತ್ತರಿಗಳನ್ನು ಕೆಲಸ ಮುಗಿದ ತಕ್ಷಣ ಎಣಿಸಿ ಬೀಗದೊಳಗಿಡಿ. ಎಣಿಸುವ ಕೆಲಸವನ್ನು ಅವರಲ್ಲೇ ಒಬ್ಬರಿಗೆ ವಹಿಸಿ, ವಾರಕ್ಕೊಬ್ಬರಂತೆ.

ಮೊದಲ 90 ದಿನ ಏನು ಬೆಳೆಯಬೇಕು

ಮಾರ್ಚ್, ಏಪ್ರಿಲ್‌ನಲ್ಲಿ ಶುರು ಮಾಡಬೇಡಿ. ನೀರಿಲ್ಲ, ಬಿಸಿಲು ಜಾಸ್ತಿ, ಸೊಪ್ಪು ಬಾಡುತ್ತದೆ. ಮೊದಲ ಬೆಳೆ ಸೋತರೆ ಜನ ಅದನ್ನು ತಮ್ಮದೇ ತಪ್ಪು ಅಂದುಕೊಳ್ಳುತ್ತಾರೆ. ಜೂನ್ ಮೊದಲ ಮಳೆ ಬಿದ್ದ ಮೇಲೆ ಅಥವಾ ಸೆಪ್ಟೆಂಬರ್ ಕೊನೆಗೆ ಹಿಡಿಯಿರಿ.

ಮೊದಲ ಬೆಳೆ ಬೇಗ ಕಾಣಬೇಕು. ಹಾಗಾಗಿ ಮೆಂತ್ಯ. ರಾತ್ರಿ ನೆನೆಸಿ ಬೆಳಗ್ಗೆ ಬಿತ್ತಿ, ತೆಳ್ಳಗೆ ಮಣ್ಣು ಮುಚ್ಚಿ, ಹೂಜಿಯಿಂದ ನೀರು ಚಿಮುಕಿಸಿ. 25ರಿಂದ 30 ದಿನಕ್ಕೆ ಕೀಳಬಹುದು. ಅದರ ಪಕ್ಕದ ಮಡಿಯಲ್ಲಿ ದಂಟು. ಹೆಸರಘಟ್ಟದ ಭಾರತೀಯ ತೋಟಗಾರಿಕಾ ಸಂಶೋಧನಾ ಸಂಸ್ಥೆಯ ಅರ್ಕಾ ಸುಗುಣ ತಳಿ ಇದಕ್ಕೆ ಚೆನ್ನ. ಬೇರುಸಹಿತ ಕೀಳದೆ ಮತ್ತೆ ಮತ್ತೆ ಕೊಯ್ಯಬಹುದು. ಕೊಯ್ದದ್ದು ಚಿಗುರುವುದನ್ನು ಕಣ್ಣಾರೆ ನೋಡುವುದು ತುಂಬ ಜನರಿಗೆ ಇಷ್ಟ. ಕೊತ್ತಂಬರಿಯನ್ನು ಮೊದಲ ವಾರ ಬೇಡ ಅಂತೀನಿ. ಬೀಜ ಉಜ್ಜಿ ಎರಡು ಹೋಳು ಮಾಡಿ ಬಿತ್ತಿದರೂ ಮೊಳಕೆಗೆ ಎಂಟು-ಹತ್ತು ದಿನ ಬೇಕು. ಅಷ್ಟು ದಿನ ಖಾಲಿ ಮಣ್ಣು ನೋಡುತ್ತಾ ಕೂರುವ ತಾಳ್ಮೆಯನ್ನು ಹೊಸಬರಿಂದ ಕೇಳುವುದು ಸರಿಯಲ್ಲ. ಎರಡನೇ ತಿಂಗಳು ಹಾಕಿ.

ಮೂರನೇ ವಾರದ ಹೊತ್ತಿಗೆ ಬೆಂಡೆ ಬಿತ್ತಿ. ಅರ್ಕಾ ಅನಾಮಿಕ ಆಗಬಹುದು. ಹಳದಿ ನಂಜು ರೋಗ ತಡೆಯಲೆಂದೇ ಹೆಸರಘಟ್ಟದಲ್ಲಿ ಬೆಳೆಸಿದ ತಳಿ ಅದು. ಹೈಬ್ರಿಡ್ ಅಲ್ಲವಾದ್ದರಿಂದ ಬೀಜ ಉಳಿಸಿಕೊಂಡು ಮುಂದಿನ ಸಲಕ್ಕೆ ಬಿತ್ತಬಹುದು. ಸುಮಾರು 45-50 ದಿನಕ್ಕೆ ಮೊದಲ ಕಾಯಿ. ಟೊಮೆಟೊ, ಬದನೆ ಸಸಿಗಳನ್ನು ಟ್ರೇಯಲ್ಲಿ ಬೆಳೆಸಲು ಕಲಿಸಿ. ಇದು ಮುಂದೆ ನರ್ಸರಿ ಕೆಲಸಕ್ಕೆ ಬೇಕಾಗುವ ಕೈ. ಬೇಲಿಗುಂಟ ನುಗ್ಗೆ, ಬಸಳೆ, ದೊಡ್ಡಪತ್ರೆ.

ಒಬ್ಬೊಬ್ಬರಿಗೆ ಅವರದ್ದೇ ಒಂದು ಮಡಿ ಇರಲಿ, ಉಳಿದದ್ದು ಎಲ್ಲರದ್ದು. ತಮ್ಮ ಮಡಿಯಲ್ಲಿ ಏನು ಹಾಕಬೇಕು ಎನ್ನುವುದು ಅವರ ಇಷ್ಟ. ಯಾರೋ ಬರೀ ಮೆಣಸಿನಕಾಯಿ ಹಾಕುತ್ತಾರೆ, ಯಾರೋ ಸಾಲಾಗಿ ಕನಕಾಂಬರ. ಹಾಕಲಿ ಬಿಡಿ. ಎಲ್ಲಿ ಮಲಗಬೇಕು, ಯಾವಾಗ ಏಳಬೇಕು, ಏನು ತಿನ್ನಬೇಕು ಅಂತ ಬೇರೆಯವರೇ ತೀರ್ಮಾನ ಮಾಡಿದ ಬದುಕಿನಲ್ಲಿ ನಾಲ್ಕಡಿ ಮಣ್ಣಿನ ಮೇಲೆ ತನ್ನ ಮಾತು ನಡೆಯುತ್ತದೆ ಎನ್ನುವುದು ಸಣ್ಣ ವಿಷಯ ಅಲ್ಲ.

ಗೊಬ್ಬರ ಕೊಳ್ಳುವುದನ್ನು ಆದಷ್ಟು ಬೇಗ ನಿಲ್ಲಿಸಿ. ಬೆಂಗಳೂರಿನ ರಸ್ತೆಗಳಲ್ಲಿ ಫೆಬ್ರವರಿ, ಮಾರ್ಚ್‌ನಲ್ಲಿ ಉದುರುವ ಎಲೆ ಮೂಟೆಗಟ್ಟಲೆ ಸಿಗುತ್ತದೆ. ಮೂರು ಪಾಲು ಒಣ ಎಲೆ, ಒಂದು ಪಾಲು ಅಡುಗೆಮನೆಯ ಹಸಿ ಕಸ, ಮೇಲೆ ಒಂದು ಹಿಡಿ ಹಳೇ ಗೊಬ್ಬರ. ವಾರಕ್ಕೊಮ್ಮೆ ತಿರುವಿ ಹಾಕಿದರೆ ಎರಡು-ಮೂರು ತಿಂಗಳಿಗೆ ಗೊಬ್ಬರ ಸಿದ್ಧ. ಎಲೆ ಆಯುವ ಕೆಲಸ ಬೇಸಿಗೆಯಲ್ಲೂ ಕೂಲಿ ನಿಲ್ಲದಂತೆ ನೋಡಿಕೊಳ್ಳುತ್ತದೆ.

ಬಾರದ ದಿನಗಳು

ಇಲ್ಲಿಯವರೆಗಿನದ್ದು ಸುಲಭ. ಕಷ್ಟ ಶುರುವಾಗುವುದು ಎರಡನೇ ತಿಂಗಳಲ್ಲಿ. ಚೆನ್ನಾಗಿ ಕೆಲಸ ಮಾಡುತ್ತಿದ್ದವರು ಒಂದು ದಿನ ಬರುವುದಿಲ್ಲ. ನಾಲ್ಕು ದಿನ ಬರುವುದಿಲ್ಲ. ಕುಡಿದಿರಬಹುದು, ಜ್ವರ ಇರಬಹುದು, ಪೊಲೀಸರು ಎಬ್ಬಿಸಿ ಕಳಿಸಿರಬಹುದು. ಕರ್ನಾಟಕದಲ್ಲಿ 1975ರ ಭಿಕ್ಷಾಟನೆ ನಿಷೇಧ ಕಾಯ್ದೆ ಇದೆ. ಅದರಡಿ ಹಿಡಿದವರನ್ನು ನಿರಾಶ್ರಿತರ ಪರಿಹಾರ ಕೇಂದ್ರಕ್ಕೆ ಕರೆದೊಯ್ಯುತ್ತಾರೆ. ಬೆಂಗಳೂರಿನಲ್ಲಿ ಅದು ಮಾಗಡಿ ರಸ್ತೆಯಲ್ಲಿದೆ. ಹಾಗಾಗಿ ಪ್ರತಿಯೊಬ್ಬರಿಗೂ ಹೆಸರು, ಫೋಟೋ, ತೋಟದ ವಿಳಾಸ, ನಿಮ್ಮ ಫೋನ್ ನಂಬರ್ ಇರುವ ಕಾರ್ಡ್ ಮಾಡಿಸಿಕೊಡಿ. ಎಲ್ಲ ಸಲವೂ ಕೆಲಸಕ್ಕೆ ಬರುತ್ತದೆ ಅಂತ ಅಲ್ಲ, ಆದರೆ ನಿಮಗೊಂದು ಫೋನ್ ಬರುವ ದಾರಿ ಅದು.

ಎರಡನೇ ದಿನವೂ ಬಾರದಿದ್ದರೆ ಹುಡುಕಿಕೊಂಡು ಹೋಗಿ. ಬೈಯಲು ಅಲ್ಲ. "ನಿಮ್ಮ ಮಡಿಯಲ್ಲಿ ಬೆಂಡೆ ಹೂ ಬಿಟ್ಟಿದೆ, ನೀರು ನಾವು ಹಾಕ್ತಿದ್ದೀವಿ" ಅಂತ ಹೇಳಿ ಬನ್ನಿ. ಅವರ ಮಡಿಯನ್ನು ಬೇರೆಯವರಿಗೆ ಕೊಡಬೇಡಿ. ನನ್ನ ಅನುಭವದಲ್ಲಿ ನಾಚಿಕೆಯಿಂದ ದೂರ ಉಳಿಯುವವರೇ ಜಾಸ್ತಿ. ಒಂದು ವಾರ ತಪ್ಪಿಸಿಕೊಂಡ ಮೇಲೆ ಯಾವ ಮುಖ ಇಟ್ಟುಕೊಂಡು ಬರುವುದು ಅಂತ ಅವರೇ ತಮ್ಮನ್ನು ಹೊರಗೆ ಹಾಕಿಕೊಳ್ಳುತ್ತಾರೆ.

ಕುಡಿತದ ಬಗ್ಗೆ ನಿಯಮ ಒಂದೇ ಇರಲಿ. ಕುಡಿದು ಬಂದ ದಿನ ಕುಡುಗೋಲು, ಕತ್ತರಿ ಮುಟ್ಟುವಂತಿಲ್ಲ, ಅವತ್ತು ಕೂಲಿ ಇಲ್ಲ, ತಿಂಡಿ ಇದೆ, ನಾಳೆ ಬರಬಹುದು. "ಬಿಟ್ಟರೆ ಮಾತ್ರ ಕೆಲಸ" ಅಂತ ಹಟ ಹಿಡಿಯಬೇಡಿ. ವರ್ಷಗಟ್ಟಲೆ ದಿನವೂ ಕುಡಿದವರು ಒಮ್ಮೆಲೇ ನಿಲ್ಲಿಸಿದರೆ ಕೈ ನಡುಗುತ್ತದೆ, ಬೆವರುತ್ತದೆ, ಫಿಟ್ಸ್ ಬರಬಹುದು, ಜೀವಕ್ಕೇ ಅಪಾಯ ಆಗಬಹುದು. ಬಿಡಬೇಕು ಅಂತ ಅವರೇ ಹೇಳಿದ ದಿನ ಆಸ್ಪತ್ರೆಗೆ ಜೊತೆಯಲ್ಲಿ ಹೋಗಿ, ಡಾಕ್ಟರ ಕೈಯಲ್ಲಿ ಬಿಡಿಸಿ.

ತನ್ನಷ್ಟಕ್ಕೆ ಮಾತಾಡುವವರು, ಯಾರೋ ಬೆನ್ನಟ್ಟುತ್ತಿದ್ದಾರೆ ಎನ್ನುವವರು, ದಿನಗಟ್ಟಲೆ ನಿದ್ದೆ ಮಾಡದವರು ಇರುತ್ತಾರೆ. ಮಣ್ಣು ಮುಟ್ಟಿದರೆ ಎಲ್ಲ ವಾಸಿಯಾಗುತ್ತದೆ ಅಂತ ದಯವಿಟ್ಟು ನಂಬಬೇಡಿ. ಇದು ಕಾಯಿಲೆ, ಔಷಧಿ ಬೇಕು. ನಿಮ್ಹಾನ್ಸ್‌ನ ಪುನಶ್ಚೇತನ ವಿಭಾಗದಲ್ಲಿ ತೋಟಗಾರಿಕೆಯನ್ನೂ ಕಲಿಸುತ್ತಾರೆ, ಆದರೆ ಚಿಕಿತ್ಸೆಯ ಜೊತೆಗೆ. ಏನು ಮಾಡಬೇಕು ತೋಚದಿದ್ದರೆ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್ 14416ಕ್ಕೆ ಫೋನ್ ಮಾಡಿ, ಹಗಲು ರಾತ್ರಿ ಕನ್ನಡದಲ್ಲೇ ಮಾತಾಡಬಹುದು.

ಕಾಗದ ಪತ್ರ

ಮಧ್ಯಾಹ್ನ ಕೆಲಸ ಮುಗಿದ ಮೇಲೆ ವಾರಕ್ಕೆ ಒಂದು ದಿನ ಇದಕ್ಕೇ ಇಡಿ. ಆಧಾರ್ ಹಿಂದೆ ಮಾಡಿಸಿ ಕಳೆದುಕೊಂಡವರು ತುಂಬಾ ಜನ. ಹೊಸದಕ್ಕೆ ಅರ್ಜಿ ಹಾಕಿದರೆ ತಿರಸ್ಕಾರವಾಗುತ್ತದೆ. ಮೊದಲು ಆಧಾರ್ ಕೇಂದ್ರದಲ್ಲಿ ಬೆರಳು ಅಥವಾ ಕಣ್ಣಿನ ಗುರುತಿನಿಂದ ಹಳೆಯದನ್ನು ಹುಡುಕಿಸಿ. ಕೆಲಸ ಮಾಡಿ ಮಾಡಿ ಬೆರಳಿನ ಗೆರೆ ಸವೆದಿದ್ದರೆ ಕಣ್ಣಿನದ್ದೇ ತೆಗೆಸಿ. ಯಾವತ್ತೂ ಮಾಡಿಸಿಲ್ಲದಿದ್ದರೆ, ಮಾನ್ಯತೆ ಪಡೆದ ತಂಗುದಾಣದ ಮುಖ್ಯಸ್ಥರು ಆಧಾರ್ ಪ್ರಾಧಿಕಾರದ ನಮೂನೆಯಲ್ಲಿ ಕೊಡುವ ಪತ್ರ ನಡೆಯುತ್ತದೆ.

ದಾಖಲೆ ಏನೂ ಇಲ್ಲದವರಿಗೂ ಬ್ಯಾಂಕಿನಲ್ಲಿ "ಸಣ್ಣ ಖಾತೆ" ತೆರೆಯಬಹುದು. ಫೋಟೋ ಮತ್ತು ಸಹಿ ಅಥವಾ ಹೆಬ್ಬೆಟ್ಟು ಸಾಕು. ಖಾತೆಯಲ್ಲಿ 50,000 ರೂಪಾಯಿಗಿಂತ ಜಾಸ್ತಿ ಇರುವಂತಿಲ್ಲ, ತಿಂಗಳಿಗೆ 10,000ಕ್ಕಿಂತ ಜಾಸ್ತಿ ತೆಗೆಯುವಂತಿಲ್ಲ. ಮೊದಲು 12 ತಿಂಗಳು ನಡೆಯುತ್ತದೆ, ಅಷ್ಟರಲ್ಲಿ ದಾಖಲೆಗೆ ಅರ್ಜಿ ಹಾಕಿರಬೇಕು. ಬ್ಯಾಂಕಿನವರು ಇಲ್ಲ ಅಂದರೆ ರಿಸರ್ವ್ ಬ್ಯಾಂಕಿನ ನಿಯಮ ಇದೆ ಅಂತ ಮೆಲ್ಲಗೆ ಹೇಳಿ, ಮ್ಯಾನೇಜರ್ ಬರುವವರೆಗೆ ಕೂತಿರಿ. 16ರಿಂದ 59 ವರ್ಷದವರಿಗೆ ಅಸಂಘಟಿತ ಕಾರ್ಮಿಕರಿಗೆ ಸರ್ಕಾರ ಕೊಡುವ ಇ-ಶ್ರಮ್ ಕಾರ್ಡ್ ಮಾಡಿಸಿ. ಮನೆ ಇಲ್ಲದಿದ್ದರೂ ಮತದಾರರ ಪಟ್ಟಿಗೆ ಸೇರಬಹುದು. ಮಲಗುವ ಜಾಗ ಹೇಳಿದರೆ ಮತಗಟ್ಟೆ ಅಧಿಕಾರಿ ರಾತ್ರಿ ಬಂದು ನೋಡಿ ಖಚಿತ ಮಾಡಿಕೊಳ್ಳಬೇಕು ಎನ್ನುವುದು ಚುನಾವಣಾ ಆಯೋಗದ ನಿಯಮ.

ಮಾರುವುದು

ಬರೀ ಸೊಪ್ಪಿನಿಂದ ಕೂಲಿ ಹುಟ್ಟುವುದಿಲ್ಲ. ಸೊಪ್ಪನ್ನು ಮೊದಲು ತಂಗುದಾಣದ ಅಡುಗೆಮನೆಗೆ ಕೊಡಿ. ತಾವು ಬೆಳೆದ ದಂಟಿನ ಹುಳಿ ತಮ್ಮ ತಟ್ಟೆಗೆ ಬಂದರೆ ಅದರ ಸಂತೋಷವೇ ಬೇರೆ. ದುಡ್ಡು ಬರುವುದು ಹೂವು ಮತ್ತು ಸಸಿಗಳಿಂದ. ಹಬ್ಬಗಳ ಲೆಕ್ಕ ಹಿಡಿದು ಬೆಳೆಯಿರಿ. ಚೆಂಡು ಹೂವಿನ ಸಸಿ ನಾಟಿ ಮಾಡಿದ ಸುಮಾರು ಎರಡು ತಿಂಗಳಿಗೆ ಹೂ. ಆಯುಧ ಪೂಜೆಗೆ ಸಿಗಬೇಕಾದರೆ ಹಬ್ಬದ ದಿನದಿಂದ ಹಿಂದಕ್ಕೆ ಎಣಿಸಿ ನಾಟಿ ಮಾಡಿ. ಗಣೇಶನ ಹಬ್ಬಕ್ಕೆ ಗರಿಕೆ, ತುಳಸಿ ಹಬ್ಬಕ್ಕೆ ಕುಂಡದ ತುಳಸಿ. ಅಪಾರ್ಟ್‌ಮೆಂಟಿನ ಗೇಟಿನಲ್ಲಿ ಭಾನುವಾರ ಒಂದು ಮೇಜು ಹಾಕಿದರೆ ದೊಡ್ಡಪತ್ರೆ, ಒಂದೆಲಗ, ಕರಿಬೇವಿನ ಸಸಿ ಖರ್ಚಾಗುತ್ತವೆ. ಮಾರಲು ಅವರೇ ಕೂರಲಿ. "ನಿರಾಶ್ರಿತರು ಬೆಳೆದದ್ದು" ಅಂತ ಬೋರ್ಡ್ ಹಾಕಬೇಡಿ. ಸಸಿ ಚೆನ್ನಾಗಿದೆ ಅಂತ ಜನ ಕೊಳ್ಳಲಿ.

ಅಮೆರಿಕದ ಕ್ಯಾಲಿಫೋರ್ನಿಯಾದ ಸಾಂತಾ ಕ್ರೂಜ್‌ನಲ್ಲಿ 1990ರಲ್ಲಿ ಶುರುವಾದ 'ಹೋಮ್‌ಲೆಸ್ ಗಾರ್ಡನ್ ಪ್ರಾಜೆಕ್ಟ್' ಇವತ್ತಿಗೂ ನಡೆಯುತ್ತಿದೆ. ಅಲ್ಲಿ ಸೂರಿಲ್ಲದವರಿಗೆ ಸಂಬಳ ಕೊಟ್ಟು ಕಲಿಸುತ್ತಾರೆ. ಊರಿನವರು ವರ್ಷದ ಶುರುವಿಗೇ ದುಡ್ಡು ಕಟ್ಟಿ ವಾರವಾರ ತರಕಾರಿ ಪಡೆಯುತ್ತಾರೆ. ತೋಟದ ಹೂವನ್ನು ಒಣಗಿಸಿ ಹಾರ ಮಾಡಿಯೂ ಮಾರುತ್ತಾರೆ. ಮುಂಗಡ ಕಟ್ಟುವ ಈ ಪದ್ಧತಿ ನಮ್ಮಲ್ಲೂ ನಡೆಯುತ್ತದೆ. ನಿಮ್ಮ ಬೀದಿಯ ಇಪ್ಪತ್ತು ಮನೆಯವರು ಮೂರು ತಿಂಗಳ ಸೊಪ್ಪಿನ ದುಡ್ಡು ಮುಂಚೆಯೇ ಕೊಟ್ಟರೆ ನಿಮ್ಮ ಕೂಲಿಯ ಚಿಂತೆ ಎಷ್ಟೋ ಇಳಿಯುತ್ತದೆ.

ಹೊರಗಿನ ಕೆಲಸಕ್ಕೆ

ಆರು ತಿಂಗಳ ನಂತರ ಕೈ ಪಳಗಿದವರು ಯಾರು ಅಂತ ಗೊತ್ತಾಗುತ್ತದೆ. ಚೀಲಕ್ಕೆ ಮಣ್ಣು ತುಂಬುವುದು, ಕಡ್ಡಿ ಊರುವುದು, ಗೂಟಿ ಕಟ್ಟುವುದು (ಗಿಡದಲ್ಲಿರುವ ಕೊಂಬೆಗೇ ಬೇರು ಬರಿಸುವುದು), ಕಸಿ ಮಾಡುವುದು, ಹುಲ್ಲುಹಾಸು ಮತ್ತು ಬೇಲಿಗಿಡ ಕತ್ತರಿಸುವುದು, ಕುಂಡ ಬದಲಾಯಿಸುವುದು. ಇಷ್ಟು ಬಂದರೆ ಕೆಲಸಕ್ಕೆ ಕೇಳಿಕೊಂಡು ಹೋಗಬಹುದು. ಬೆಂಗಳೂರಿನಲ್ಲಿ ಲಾಲ್‌ಬಾಗ್ ಪಕ್ಕದ ಸಿದ್ದಾಪುರದ ನರ್ಸರಿ ಸಾಲು, ಅಪಾರ್ಟ್‌ಮೆಂಟುಗಳು, ಶಾಲೆಗಳು, ತಾರಸಿ ತೋಟ ನೋಡಿಕೊಳ್ಳುವ ಮನೆಗಳು ಇವೆ. ಮಾಲೀಕರ ಹತ್ತಿರ ಮೊದಲ ಸಲ ನೀವೂ ಜೊತೆಗೆ ಹೋಗಿ. ಸಂಬಳ ಎಷ್ಟು, ರಜೆ ಯಾವಾಗ ಎಂಬುದನ್ನು ಎದುರಿಗೇ ಮಾತಾಡಿ ಮುಗಿಸಿ. ಅವರ ಹಳೇ ಕಥೆಯನ್ನು ಹೇಳುವ ಹಕ್ಕು ಅವರದ್ದು, ನಿಮ್ಮದಲ್ಲ.

ಕೆಲಸ ಸಿಕ್ಕ ಮೊದಲ ತಿಂಗಳು ಎಲ್ಲಕ್ಕಿಂತ ಕಷ್ಟದ್ದು. ಸಂಬಳ ಬರುವುದು ತಿಂಗಳ ಕೊನೆಗೆ, ಅಲ್ಲಿಯವರೆಗೆ ಬಸ್ಸಿಗೆ, ಊಟಕ್ಕೆ ಏನು? ಒಂದು ತಿಂಗಳ ಖರ್ಚನ್ನು ತೋಟದಿಂದ ಮುಂಗಡ ಕೊಡಿ. ಕೋಣೆ ಬಾಡಿಗೆಗೆ ಅಡ್ವಾನ್ಸ್ ಕೂಡಿಡುವವರೆಗೆ ತಂಗುದಾಣದ ಹಾಸಿಗೆ ಬಿಡಿಸಬಾರದು ಅಂತ ಅಲ್ಲಿನವರ ಹತ್ತಿರ ಮಾತಾಡಿ. ಇಬ್ಬರು ಸೇರಿ ಒಂದು ಕೋಣೆ ಹಿಡಿದರೆ ಇನ್ನೂ ಒಳ್ಳೆಯದು. ರಸ್ತೆಯಲ್ಲಿ ಹತ್ತು ಜನರ ನಡುವೆ ಮಲಗಿದವರಿಗೆ ನಾಲ್ಕು ಗೋಡೆಯೊಳಗೆ ಒಬ್ಬರೇ ಇರುವುದು ಮೊದಮೊದಲು ದಿಗಿಲಾಗುತ್ತದೆ.

ಎಲ್ಲರೂ ಹೊರಗೆ ಹೋಗಲೇಬೇಕು ಅಂತಿಲ್ಲ. ವಯಸ್ಸಾದವರು, ಕಾಯಿಲೆಯವರು ತೋಟದಲ್ಲೇ ಉಳಿಯಲಿ, ಹೊಸಬರಿಗೆ ಕಲಿಸಲಿ, ಅದಕ್ಕೂ ಕೂಲಿ ಕೊಡಿ. ಹೊರಗೆ ಹೋದವರ ಮಡಿಯನ್ನು ಮೂರು ತಿಂಗಳಾದರೂ ಅವರ ಹೆಸರಿನಲ್ಲೇ ಇಡಿ. ಭಾನುವಾರ ಬಂದು ನೋಡಿಕೊಂಡು ಹೋಗುತ್ತಾರೆ, ಹೋಗುವಾಗ ಒಂದು ಕಟ್ಟು ಸೊಪ್ಪು ಕಿತ್ತುಕೊಂಡು ಹೋಗುತ್ತಾರೆ. ಕೆಲಸ ಕೈತಪ್ಪಿದರೆ ಸೋಮವಾರ ಬೆಳಗ್ಗೆ ಎಂಟಕ್ಕೆ ತಿಂಡಿಗೆ ಬರಬಹುದು ಎನ್ನುವುದು ಅವರಿಗೆ ಗೊತ್ತಿರಬೇಕು. ಹೋಗುವ ದಿನವೇ ಅದನ್ನು ಬಾಯಿಬಿಟ್ಟು ಹೇಳಿ ಕಳಿಸಿ.